ಸಂಬಂಧದ ಸ್ವರೂಪ

ಬೆಳಗಿನ ಟಪಾಲಿನಲ್ಲಿ ಮೂರನೆಯ ಲಕೋಟೆ ಕತ್ತರಿಸುವ ಹೊತ್ತಿಗೇ ಅವಳಿಗೆ ಸಾಕುಸಾಕಾಗಿತ್ತು. ರಾತ್ರಿ ನಿದ್ದೆ ಬಂದಿರಲಿಲ್ಲವೆಂದೇನಲ್ಲ. ಬಂದ ನಿದ್ದೆ ಯಾವುದಕ್ಕೂ ಸಾಲದೆ ಹೋಗುವುದು ಇತ್ತೀಚೆಗೆ ರೂಢಿಯಾಗಿಬಿಟ್ಟಿತ್ತು. ಸರ್ಕಾರಿ ಅಧಿಕಾರಿಗಳ ನಡತೆಯ ಮೇಲೆ ಜನ ಕೊಡುವ ದೂರುಗಳನ್ನು ಎಲ್ಲರಿಗಿಂತ ಮೊದಲು ಓದುವವಳು ಅವಳು. ಇಪ್ಪತ್ತಾರು ವರ್ಷದಿಂದ ಅದೇ ಕೋಣೆ, ಅದೇ ಉದ್ದ ಕಿಟಕಿ, ಕಿಟಕಿಯಾಚೆ ಸೈಕಲ್ ಸ್ಟ್ಯಾಂಡಿನ ತಗಡಿನ ಸೂರು. ದೂರು ನಿಲ್ಲುತ್ತದೋ ಇಲ್ಲವೋ ನೋಡಬೇಕು. ನಿಲ್ಲುವುದಾದರೆ ಒಳಗೆ ಕಳಿಸಬೇಕು, ನಿಲ್ಲದಿದ್ದರೆ ಯಾಕೆ ನಿಲ್ಲುವುದಿಲ್ಲವೆಂದು ದೂರುದಾರನಿಗೆ ಎರಡು ಸಾಲಿನ ಹಿಂಬರಹ ಬರೆಯಬೇಕು. ನಿಲ್ಲುವುದಕ್ಕಿಂತ ಬೀಳುವುದೇ ಹೆಚ್ಚು. ಸಹಿ ಇಲ್ಲ, ತಾರೀಖು ಇಲ್ಲ, ಅವಧಿ ಮೀರಿದೆ, ಅಫಿಡವಿಟ್ ಲಗತ್ತಿಸಿಲ್ಲ. ಎದುರು ಮೇಜಿನವನು ಈ ಕೊನೆಯ ಮಾತನ್ನು ಹೇಳಿ ಹೇಳಿ ಇಡೀ ಕಚೇರಿಗೆ ಅಫಿಡವಿಟ್ಟಪ್ಪನಾಗಿದ್ದ. ಹೆಂಡತಿ ತಲೆನೋವು ಅಂದರೂ ಅಫಿಡವಿಟ್ ಕೇಳುತ್ತಾನೆ ಎಂದು ಜವಾನರು ಆಡಿಕೊಳ್ಳುತ್ತಿದ್ದರು. ಅವಳೂ ಒಂದು ಕಾಲದಲ್ಲಿ ಆ ಮಾತಿಗೆ ನಕ್ಕಿದ್ದಳು. ಈಗ ನಗುವುದಕ್ಕೂ ಒಂದು ಶ್ರಮ ಬೇಕು, ಆ ಶ್ರಮವನ್ನು ಸಂಜೆಗೆ ಉಳಿಸಿಕೊಳ್ಳೋಣ ಎನ್ನಿಸುತ್ತಿತ್ತು.

ಮೂರನೆಯದು ಅಚ್ಚುಕಟ್ಟಾಗಿತ್ತು. ಗುಂಡಗಿನ ಅಕ್ಷರ, ಪೂರ್ತಿ ತುಂಬಿದ ನಮೂನೆ, ಜೊತೆಗೆ ಗೆರೆ ಹಾಕಿದ ಹಾಳೆ, ಪುಟಗಳಿಗೆ ಸಂಖ್ಯೆ, ಕೊನೆಗೆ ಅಫಿಡವಿಟ್ಟೂ. ತಿಳಿದವರನ್ನು ಕೇಳಿ ಬರೆದಿದ್ದಾನೆ ಅಂದುಕೊಂಡಳು. ದೂರುದಾರ ನೀರು ಸರಬರಾಜು ಇಲಾಖೆಯ ಡ್ರೈವರ್. ಯಾರ ಮೇಲೆ ದೂರು ಎಂಬಲ್ಲಿ ಮೊದಲು ಹುದ್ದೆ ಓದಿದಳು, ಆಮೇಲೆ ಹೆಸರು. ಓದಿದ ಮೇಲೂ ಕೆಲವು ಕ್ಷಣ ಅದು ಬರೀ ಹೆಸರಾಗಿಯೇ ಇತ್ತು, ದಿನಕ್ಕೆ ಮೂವತ್ತು ಹೆಸರು ಓದುವ ಕಣ್ಣಿಗೆ ಮೂವತ್ತೊಂದನೆಯದು. ಆಮೇಲೆ ಅದು ಅವಳ ತಮ್ಮನಾಯಿತು. ಆ ಹೆಸರನ್ನು ಆರಿಸಿದವಳೇ ಅವಳು, ಎಂಟು ವರ್ಷದವಳಾಗಿದ್ದಾಗ, ತನ್ನ ತರಗತಿಯಲ್ಲಿ ಯಾವಾಗಲೂ ಮೊದಲು ಬರುತ್ತಿದ್ದ ಹುಡುಗನ ಹೆಸರು ಅದು ಎಂಬ ಒಂದೇ ಕಾರಣಕ್ಕೆ. ಕತ್ತರಿಯನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟಳು. ಅಲ್ಲಿಗೇ ನಿಲ್ಲಿಸಬೇಕಿತ್ತು. ಸಂಬಂಧಿಕರ ಹೆಸರು ಕಂಡ ಕೂಡಲೇ ಕಡತ ಮುಚ್ಚಿ ಇನ್ನೊಬ್ಬರಿಗೆ ಕೊಡಬೇಕು, ಮುಂದಿನ ಪುಟ ತಿರುಗಿಸಕೂಡದು ಎಂಬುದು ನಿಯಮ. ಹೊಸದಾಗಿ ಬಂದವರಿಗೆ ಆ ನಿಯಮವನ್ನು ಹೇಳಿಕೊಡುತ್ತಿದ್ದವಳೂ ಅವಳೇ. ಪುಟ ತಿರುಗಿಸಿದಳು.

ಇಲಾಖೆಯ ಕಾರಿನ ಲಾಗ್ ಪುಸ್ತಕದ ನಕಲುಗಳು. ಯಾವ ದಿನ, ಎಲ್ಲಿಂದ ಎಲ್ಲಿಗೆ, ಒಳಗೆ ಯಾರು. ಹದಿನಾಲ್ಕು ಕಡೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿತ್ತು. ‘ಸಾಹೇಬರ ತಾಯಿ.’ ‘ಸಾಹೇಬರ ತಾಯಿ ಮತ್ತು ಅಕ್ಕ.’ ‘ಅಕ್ಕ ಒಬ್ಬರೇ, ಮನೆಯಿಂದ ಹೊಲಿಗೆ ಅಂಗಡಿ, ವಾಪಸ್ಸು.’ ಹೊಲಿಗೆ ಅಂಗಡಿಯ ದಿನ ಅವಳಿಗೆ ನೆನಪೇ ಇರಲಿಲ್ಲ, ಕಾಗದಕ್ಕೆ ನೆನಪಿತ್ತು. ಇಪ್ಪತ್ತಾರು ವರ್ಷ ಬೇರೆಯವರ ಅಕ್ಕಂದಿರನ್ನೂ ಹೆಂಡತಿಯರನ್ನೂ ಭಾವಮೈದುನರನ್ನೂ ಇಂಥ ನಕಲುಗಳಲ್ಲಿ ಓದುತ್ತ, ಇವರಿಗೆಲ್ಲ ಬಸ್ಸು ಹತ್ತಲು ಏನು ಕಷ್ಟ ಎಂದು ಒಳಗೊಳಗೇ ಮೂಗು ಮುರಿಯುತ್ತಿದ್ದವಳಿಗೆ, ಆ ಸಾಲಿನಲ್ಲಿ ತಾನು ಇಷ್ಟು ಸಹಜವಾಗಿ ಕೂತಿರುವುದು ಕಂಡು ಕಿವಿ ಬಿಸಿಯಾಯಿತು. ಅಮ್ಮನ ಮೊಣಕಾಲು ಹಾಗಿತ್ತು, ಬಸ್ಸಿನ ಮೆಟ್ಟಿಲು ಎತ್ತರ, ತಮ್ಮನೇ ಕಳಿಸುತ್ತೇನೆ ಅಂದ. ಎಲ್ಲರೂ ಉತ್ತರದಲ್ಲಿ ಹೀಗೇ ಬರೆಯುತ್ತಾರೆ.

ನಾಲ್ಕನೆಯ ಪುಟದಲ್ಲಿ ಕಣ್ಣಾಸ್ಪತ್ರೆಯ ದಿನವಿತ್ತು. ಹನ್ನೊಂದು ತಿಂಗಳ ಹಿಂದಿನ ಮಾತು. ಅವತ್ತು ಬೆಳಿಗ್ಗೆ ತಮ್ಮ ಫೋನಿನಲ್ಲಿ, “ಎರಡು ಗಂಟೆಗೆ ಗಾಡಿ ಬಿಟ್ಟುಬಿಡಕ್ಕ, ಅವನಿಗೆ ಏನೋ ಕೆಲಸ ಇದೆಯಂತೆ,” ಅಂದಿದ್ದ. ಅಮ್ಮ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದರಿಂದ ಅವಳು ಮುಂದೆ ಕೂತಿದ್ದಳು. ಬಿಸಿಲು ಮುಖಕ್ಕೆ ಹೊಡೆಯುತ್ತಿದೆ ಅಂತ ಡ್ರೈವರ್ ಕೈ ಚಾಚಿ ಅವಳ ಕಡೆಯ ಬಿಸಿಲು ತಡೆಯುವ ಹಲಗೆ ಇಳಿಸಿದ. ಅದಕ್ಕೆ ಸಿಕ್ಕಿಸಿದ್ದ ಕಂದು ಲಕೋಟೆಯೊಂದು ಅವಳ ಮಡಿಲಿಗೆ ಬಿತ್ತು. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಅವನಿಗೆ ಕೊಟ್ಟಳು. ಅವನು ‘ಸಾರಿ ಮೇಡಂ’ ಅಂದು ಅಂಗಿಯೊಳಗೆ ಇಟ್ಟುಕೊಂಡ. ಆಸ್ಪತ್ರೆಯಿಂದ ಹೊರಗೆ ಬಂದಾಗ ಎರಡು ಗಂಟೆಗೆ ಐದು ನಿಮಿಷ. ಡಾಕ್ಟರು ಬರೆದುಕೊಟ್ಟ ಕನ್ನಡಕದ ಚೀಟಿ ಕೈಯಲ್ಲಿತ್ತು, ಅಂಗಡಿ ಎರಡು ಬೀದಿ ಆಚೆಗಿತ್ತು, ಇನ್ನೊಂದು ದಿನ ಅಮ್ಮನನ್ನು ಎಬ್ಬಿಸಿ ಹೊರಡಿಸುವುದು ನೆನೆದರೇ ಸುಸ್ತು. “ಇದೊಂದು ಮುಗಿಸಿಬಿಡೋಣಪ್ಪ, ಅರ್ಧ ಗಂಟೆ,” ಅಂದಿದ್ದಳು. ಅವನು ಕಾರಿನ ಬಾಗಿಲು ಹಿಡಿದುಕೊಂಡೇ, “ಮೇಡಂ, ನನಗೆ ಸ್ವಲ್ಪ...” ಅಂದ. ಅವಳು “ಆಯ್ತಪ್ಪ, ಹೋದ ಹಾಗೇ ಬಂದ್ಬಿಡ್ತೀವಿ,” ಅಂದಳು. ಅಂಗಡಿಯಲ್ಲಿ ಅಮ್ಮನಿಗೆ ಯಾವ ಚೌಕಟ್ಟೂ ಒಪ್ಪಲಿಲ್ಲ. ಇದು ಮೂಗಿನ ಮೇಲೆ ಜಾರುತ್ತದೆ, ಅದರಲ್ಲಿ ಗೂಬೆ ಥರ ಕಾಣುತ್ತೇನೆ. ತಾಯಿ ಮಗಳು ಇಬ್ಬರೂ ಕನ್ನಡಿಯ ಮುಂದೆ ಎಷ್ಟೋ ದಿನದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಹೊರಗೆ ಬಂದಾಗ ಮೂರೂ ಮುಕ್ಕಾಲು.

ಅವನು ಅವತ್ತು ಮುಗಿಸದೆ ಬಿಟ್ಟಿದ್ದ ಮಾತಿನ ಉಳಿದ ಭಾಗ ಈಗ ಗುಂಡಗಿನ ಅಕ್ಷರದಲ್ಲಿ ಅವಳ ಮುಂದೆ ಇತ್ತು. ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಕಿವುಡ ಮಕ್ಕಳ ವಸತಿಶಾಲೆಗೆ ಸೇರಿಸಿಕೊಳ್ಳಲು ಅವತ್ತೇ ಕಡೆಯ ದಿನ. ಮೂರು ಗಂಟೆಗೆ ಹಾಜರಿರಬೇಕಿತ್ತು. ಕಿವಿಯ ಪರೀಕ್ಷೆಯ ವರದಿಗೆ ಡಾಕ್ಟರು ಅವತ್ತು ಬೆಳಿಗ್ಗೆಯಷ್ಟೇ ಸಹಿ ಹಾಕಿಕೊಟ್ಟಿದ್ದು, ಅದು ನನ್ನ ಹತ್ತಿರವೇ ಉಳಿದಿತ್ತು. ಹೆಂಡತಿ ಮತ್ತು ಮಗಳು ಶಾಲೆಯ ಗೇಟಿನ ಹತ್ತಿರ ನಾಲ್ಕರವರೆಗೆ ನಿಂತಿದ್ದರು. ಈ ವರ್ಷಕ್ಕೆ ಮಗುವಿನ ವಯಸ್ಸು ಮೀರಿದೆ. ಅಧಿಕಾರಿಗಳು ತಮ್ಮ ಮನೆಯ ಖಾಸಗಿ ಕೆಲಸಕ್ಕೆ ನನ್ನನ್ನು ಮೂರೂ ಮುಕ್ಕಾಲಿನವರೆಗೆ ಉಳಿಸಿಕೊಂಡಿದ್ದರಿಂದ ಹೀಗಾಗಿದೆ.

ಅಧಿಕಾರಿಗಳು ಅಂತಲೇ ಬರೆದಿದ್ದ. ಲಾಗ್ ಪುಸ್ತಕದ ನಕಲು ಬಿಟ್ಟರೆ ಅಕ್ಕ ಅಂತ ಎಲ್ಲೂ ಇಲ್ಲ. ಮರೆತಿದ್ದಾನೋ, ಬೇಕೆಂದೇ ಬಿಟ್ಟಿದ್ದಾನೋ, ಅಥವಾ ಅವನ ಪಾಲಿಗೆ ಅಮ್ಮ ಅಕ್ಕ ಕನ್ನಡಕ ಎಲ್ಲವೂ ಸೇರಿ ಒಬ್ಬನೇ ಅಧಿಕಾರಿಯೋ. ಎದುರಿನಿಂದ ಅಫಿಡವಿಟ್ಟಪ್ಪ ಕತ್ತೆತ್ತಿ, “ಏನ್ ಮೇಡಂ, ಅಫಿಡವಿಟ್ ಇಲ್ವಾ?” ಅಂದ. “ಇದೆ,” ಅಂದಳು. ತನ್ನ ದನಿ ಅವಳಿಗೇ ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸಿತು.

ಹಿಂದೆ ಸರಿಯುವುದಕ್ಕೆ ಒಂದು ನಮೂನೆಯಿದೆ. ಕೆಳಗಿನ ಡ್ರಾಯರಿನಲ್ಲಿ ಹಳದಿ ಹಾಳೆಗಳ ಕಟ್ಟು. ಕಡತದ ಸಂಖ್ಯೆ, ಪರಿಶೀಲಿಸುವವರ ಹೆಸರು, ಸಂಬಂಧದ ಸ್ವರೂಪ. ಸಂಬಂಧದ ಸ್ವರೂಪ ಎಂಬುದರ ಮುಂದೆ ಒಂದು ಬೆಂಕಿಕಡ್ಡಿಯಷ್ಟು ಉದ್ದದ ಚುಕ್ಕಿಗೆರೆ. ‘ತಮ್ಮ’ ಎಂದು ಬರೆದರೆ ಗೆರೆಯಲ್ಲಿ ಇನ್ನೂ ಜಾಗ ಮಿಗುತ್ತದೆ. ಅಷ್ಟು ಬರೆದು ಸಹಿ ಹಾಕಿದರೆ ಅವಳು ಚೊಕ್ಕ. ಯಾರೂ ಬೆರಳು ತೋರಿಸುವಂತಿಲ್ಲ. ತಮ್ಮನ ಹೆಸರು ಕಂಡ ಕೂಡಲೇ ಸರಿದು ನಿಂತವಳು ಎಂದು ಹೊಗಳಿದರೂ ಹೊಗಳಿಯಾರು. ಅವಳು ‘ತಮ್ಮ’ ಎಂದು ಬರೆದಳು. ಪೆನ್ನು ಅಲ್ಲಿಯೇ ನಿಂತಿತು. ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಿದಾಗಲೂ ಹಳದಿ ಹಾಳೆ ಪೆನ್‌ಸ್ಟ್ಯಾಂಡಿನ ಕೆಳಗೇ ಇತ್ತು. ಹಿಂದೊಮ್ಮೆ ಒಬ್ಬ ಮುದುಕ ದೂರು ತಂದಿದ್ದ, ಸಹಿ ಹಾಕುವ ಜಾಗದಲ್ಲಿ ಅಲ್ಲದೆ ಅದರ ಮೇಲಿನ ಸಾಲಿನಲ್ಲಿ ಸಹಿ ಹಾಕಿದ್ದ. ಅವಳು ಅದನ್ನು ಹಿಂದಕ್ಕೆ ಕೊಟ್ಟು ಹೊಸ ನಮೂನೆ ತುಂಬಿಸಿಕೊಂಡು ಬನ್ನಿ ಅಂದಿದ್ದಳು. ಮುದುಕ ಕೈ ಮುಗಿದು ಹೋದವನು ತಿರುಗಿ ಬರಲಿಲ್ಲ. ಆ ಮುದುಕನ ಬೆರಳುಗಳು ಮಾತ್ರ ಯಾಕೋ ಈಗ ಕಣ್ಣ ಮುಂದೆ ಬಂದವು, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ತಪ್ಪೇನೂ ಮಾಡಿರಲಿಲ್ಲ ಅವಳು. ಇಷ್ಟು ವರ್ಷ ತಪ್ಪೇನೂ ಮಾಡದೆಯೇ ಕಳೆದಿತ್ತು.

ಸಂಜೆ ಮನೆಗೆ ಬಂದಾಗ ತಮ್ಮ ಆಗಲೇ ಬಂದು ಅಮ್ಮನ ಮಂಚದ ತುದಿಯಲ್ಲಿ ಕೂತಿದ್ದ. ವಾರಕ್ಕೊಮ್ಮೆ ಬರುತ್ತಾನೆ, ಅಮ್ಮನ ಪಾದ ತೊಡೆಯ ಮೇಲೆ ಇಟ್ಟುಕೊಂಡು ಒತ್ತುತ್ತ ಇಲಾಖೆಯ ತಮಾಷೆಗಳನ್ನು ಹೇಳುತ್ತಾನೆ. ಅಮ್ಮ ಅರ್ಧ ಕೇಳಿಸಿಕೊಂಡು ಪೂರ್ತಿ ನಗುತ್ತಾಳೆ. ಮದುವೆಯಾಗದೆ ಅಮ್ಮನ ಜೊತೆ ಉಳಿದವಳು ಅವಳು; ನೋಡಿಕೊಳ್ಳುವ ಕೆಲಸ ಅವಳದು, ನಗಿಸುವ ಕೆಲಸ ಅವನದು. ಅದರ ಬಗ್ಗೆ ಅವಳಿಗೆ ಬೇಸರವಿರಲಿಲ್ಲ, ಅಥವಾ ಬೇಸರ ಎಷ್ಟು ಹಳೆಯದೆಂದರೆ ಗೋಡೆಯ ಬಣ್ಣದ ಹಾಗೆ ಕಣ್ಣಿಗೆ ಬೀಳುತ್ತಿರಲಿಲ್ಲ. ಕಾಫಿ ಮಾಡಲು ಅಡುಗೆಮನೆಗೆ ಹೋದಾಗ ಅವನೂ ಹಿಂದೆಯೇ ಬಂದ. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿ, “ಅಕ್ಕ, ನನ್ನ ಡ್ರೈವರ್ ಏನೋ ಬರೆದು ಹಾಕಿದ್ದಾನಂತೆ,” ಅಂದ.

“ಯಾರು ಹೇಳಿದ್ರು?”

“ಯಾರೋ. ನಿನ್ನ ಟೇಬಲ್ಲಿಗೆ ಬಂತಾ?”

“ಅದನ್ನ ನನ್ನ ಕೇಳಬೇಡ.”

“ಅಂದ್ರೆ ಬಂದಿದೆ.” ಅವನು ನಗಲು ನೋಡಿದ. “ಇರಲಿ ಬಿಡು. ಎರಡು ಗಂಟೆಗೆ ಹೋಗು ಅಂತ ಅವನಿಗೆ ಹೇಳಿದ್ದೆ ನಾನು. ಅಮ್ಮನಾಣೆ ಹೇಳಿದ್ದೆ. ಆಮೇಲೆ ಯಾಕೆ ತಡ ಆಯ್ತೋ, ಏನ್ ಕಥೆಯೋ, ನನಗೆ ಗೊತ್ತಿಲ್ಲ.”

ಗೊತ್ತಿಲ್ಲ ಅನ್ನುವಾಗ ಅವನು ಅವಳ ಮುಖ ನೋಡಲಿಲ್ಲ. ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ಹೇಳುವುದಿಲ್ಲ. ಚಿಕ್ಕಂದಿನಲ್ಲಿ ಅವಳು ಒಡೆದ ಲೋಟಕ್ಕೆ ಅವನು ಅಪ್ಪನಿಂದ ಏಟು ತಿಂದು, ಆಮೇಲೆ ಎರಡು ದಿನ ಅವಳ ಕಡೆ ಹೀಗೇ ನೋಡದೆ ಓಡಾಡಿದ್ದ.

“ಅವನನ್ನ ಈಗ ಎಲ್ಲಿ ಹಾಕಿದೀಯ?” ಅಂದಳು.

“ಶೆಡ್ಡಿಗೆ. ಗಾಡಿ ತೊಳೀತಾನೆ. ನನ್ನ ಮೇಲೇ ಬರೆಯೋನು ಓಡಿಸೋ ಕಾರಲ್ಲಿ ನಾನು ಹೇಗೆ ಕೂರಲಿ, ನೀನೇ ಹೇಳು.” ಅವನ ದನಿ ಇಳಿಯಿತು. “ಕೆಟ್ಟೋನಲ್ಲ ಅಕ್ಕ ಅವನು. ಮಗಳದ್ದು ಆದ ಮೇಲೆ ಒಂಥರಾ ಆಗಿಬಿಟ್ಟ. ಮಾತೇ ಆಡ್ತಿರಲಿಲ್ಲ. ಕನ್ನಡೀಲಿ ನೋಡಿದ್ರೆ ಬರೀ ಕಣ್ಣು.”

ಹಾಲು ಉಕ್ಕಿತು. ಒಲೆ ಆರಿಸಿ, ಬಟ್ಟೆ ತೆಗೆದುಕೊಂಡು ಒರೆಸುತ್ತ ಅವಳು ಆ ಒಂದು ಕ್ಷಣದಲ್ಲಿ ಹೇಳಬಹುದಿತ್ತು, ತಡಮಾಡಿದವಳು ನಾನು ಕಣೋ ಎಂದು. ಅವನು ಕಾಯುತ್ತಿದ್ದಂತೆಯೂ ಇತ್ತು. ಒಳಗಿನಿಂದ ಅಮ್ಮ, “ಅಕ್ಕ ತಮ್ಮ ಏನ್ ಗುಸುಗುಸು, ನನಗೂ ಹೇಳಿ,” ಅಂತ ಕೂಗಿದಳು. ಇಬ್ಬರೂ ಒಟ್ಟಿಗೇ “ಏನಿಲ್ಲಮ್ಮ” ಅಂದರು.

ಮರುದಿನ ಅವಳು ಹಳದಿ ನಮೂನೆಯ ಜೊತೆ ಬಿಳಿ ಹಾಳೆಯೊಂದನ್ನು ಟಾಚಣಿಯಿಂದ ಚುಚ್ಚಿ ರಿಜಿಸ್ಟ್ರಾರ್ ಮುಂದೆ ಇಟ್ಟಳು. ಬಿಳಿ ಹಾಳೆಯಲ್ಲಿ ಒಂಬತ್ತು ಸಾಲು. ಆ ದಿನ ವಾಹನದಲ್ಲಿ ಇದ್ದವಳು ನಾನು. ಎರಡು ಗಂಟೆಗೆ ಬಿಡಬೇಕೆಂದು ನನಗೆ ಮೊದಲೇ ಗೊತ್ತಿತ್ತು. ಕನ್ನಡಕದ ಅಂಗಡಿಗೆ ಹೋಗಲು ಡ್ರೈವರನ್ನು ಉಳಿಸಿಕೊಂಡವಳು ನಾನು. ಅವನು ಏನೋ ಹೇಳಲು ಬಂದಾಗ ಕೇಳಲಿಲ್ಲ. ರಿಜಿಸ್ಟ್ರಾರ್ ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು, ಮೂಲವ್ಯಾಧಿಯಿಂದಾಗಿ ಸದಾ ಒಂದು ಕಡೆ ವಾಲಿ ಕೂತಿರುತ್ತಿದ್ದ. ಎರಡು ಸಲ ಓದಿದ.

“ಇದೆಲ್ಲ ಯಾಕೆ ಮೇಡಂ? ತಮ್ಮ ಅಂತ ಬರೆದಿದೀರಲ್ಲ, ಅಷ್ಟು ಸಾಕು. ರಿಟೈರ್ ಆಗೋಕೆ ಇನ್ನು ಹತ್ತು ತಿಂಗಳು ಇದೆ ನಿಮಗೆ. ನೆಮ್ಮದಿಯಾಗಿ ಹೋಗಿ.”

“ನಾನು ಸಾಕ್ಷಿ, ಸರ್.”

“ನಿಮ್ಮನ್ನ ಯಾರೂ ಸಾಕ್ಷಿ ಅಂತ ಕರೆದಿಲ್ಲವಲ್ಲ. ನಿಮ್ಮ ಮೇಲೆ ದೂರೂ ಇಲ್ಲ.”

“ಅದಕ್ಕೇ ನಾನೇ ಬರೆದೆ.”

ಅವನು ನಿಟ್ಟುಸಿರು ಬಿಟ್ಟು ಹಾಳೆಯ ಮೂಲೆಯಲ್ಲಿ ಸಣ್ಣದಾಗಿ ಸಹಿ ಹಾಕಿದ. ಕೋಣೆಯಿಂದ ಹೊರಗೆ ಬಂದಾಗ ಅವಳಿಗೆ ಬಹಳ ದಿನದ ಮೇಲೆ ಮೈ ಹಗುರಾಗಿತ್ತು. ಆ ಹಗುರವನ್ನು ಆಮೇಲೆ ಅವಳು ಎಷ್ಟೋ ಸಲ ತಿರುತಿರುವಿ ನೋಡಿದಳು, ಕೊಂಡ ಸೀರೆಯಲ್ಲಿ ದೋಷ ಹುಡುಕುವವಳ ಹಾಗೆ.

ವಿಚಾರಣೆ ಬಂದದ್ದು ಮೂರು ತಿಂಗಳ ಮೇಲೆ. ಉದ್ದ ಮೇಜಿನ ತಲೆಯಲ್ಲಿ ವಿಚಾರಣಾಧಿಕಾರಿ, ನಿವೃತ್ತ ನ್ಯಾಯಾಧೀಶರು, ಮಧ್ಯೆ ಮಧ್ಯೆ ಗಂಟಲು ಒಣಗಿ ನೀರು ಗುಟುಕರಿಸುತ್ತಿದ್ದರು. ಒಂದು ಕಡೆ ತಮ್ಮ, ಅವನ ಪಕ್ಕ ಅವನ ವಕೀಲೆ. ಇನ್ನೊಂದು ಕಡೆ ಡ್ರೈವರ್ ಒಬ್ಬನೇ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ತೋಳು ಇಳಿಬಿಟ್ಟಿದ್ದ, ಅಂಗೈ ಚರ್ಮ ನೀರಿನಲ್ಲಿ ನೆನೆದು ನೆನೆದು ಬೆಳ್ಳಗಾಗಿತ್ತು. ಅಂಗಡಿಯ ಹತ್ತಿರ ಗಾಡಿ ನಿಲ್ಲಿಸಲು ಯಾರು ಹೇಳಿದರು ಎಂದು ಕೇಳಿದಾಗ ಅವನು ಅವಳ ಕಡೆ ಒಮ್ಮೆ ನೋಡಿ, “ನೆನಪಿಲ್ಲ ಸಾರ್. ಗಾಡಿ ಸಾಹೇಬ್ರದ್ದು, ನಾನು ಸಾಹೇಬ್ರ ಡ್ರೈವರ್,” ಅಂದ. ತನ್ನ ಹೆಸರು ಹೇಳದೆ ಬಿಟ್ಟ ಎಂದು ಅವಳಿಗೆ ಅನ್ನಿಸಿತು, ಕನಿಕರದಿಂದಲೋ, ಹೆದರಿಕೆಯಿಂದಲೋ. ಅವಳ ಸರದಿ ಬಂದಾಗ ಒಂಬತ್ತು ಸಾಲನ್ನೂ ಬಾಯಲ್ಲಿ ಹೇಳಿದಳು. ವಕೀಲೆ ಎದ್ದು ನಿಂತಳು. ಎಳೆಯ ವಯಸ್ಸು, ಮೃದು ಮಾತು.

“ಎರಡು ಗಂಟೆಗೆ ಡ್ರೈವರನ್ನು ಬಿಡಬೇಕು ಅಂತ ಅಧಿಕಾರಿಗಳು ನಿಮಗೆ ಹೇಳಿದ್ದರೇ?”

“ಹೇಳಿದ್ದ. ಹೇಳಿದ್ದರು.”

“ಆಮೇಲೆ ಮೂರೂ ಮುಕ್ಕಾಲಿನವರೆಗೆ ಉಳಿಸಿಕೊಂಡಿದ್ದು ಅವರಿಗೆ ಗೊತ್ತಿತ್ತೇ?”

“ಇಲ್ಲ.”

“ಯಾರ ನಿರ್ಧಾರ ಅದು?”

“ನನ್ನದು.”

“ಅಷ್ಟೇ, ಥ್ಯಾಂಕ್ಸ್ ಮೇಡಂ,” ಅಂದಳು ವಕೀಲೆ. ಕೂರುವಾಗ ತಮ್ಮನ ಕಡೆ ವಾಲಿ ಏನೋ ಪಿಸುಗುಟ್ಟಿದಳು, ತಮ್ಮನ ಭುಜಗಳು ಇಳಿದವು. ಮೇಜಿನ ಆಚೆ ಕಡೆ ಡ್ರೈವರ್ ಅವಳನ್ನೇ ನೋಡುತ್ತಿದ್ದ. ಕನ್ನಡಿಯಲ್ಲಿ ಬರೀ ಕಣ್ಣು ಎಂದು ತಮ್ಮ ಹೇಳಿದ್ದನ್ನು ಅವಳು ಆಗ ಕಂಡಳು. ಅವಳಿಗೆ ಅರ್ಥವಾಗುವ ಮೊದಲೇ ಅವನಿಗೆ ಅರ್ಥವಾಗಿತ್ತು.

ಆದೇಶ ಹದಿನೈದು ದಿನದಲ್ಲಿ ಬಂತು, ಒಂದೂವರೆ ಪುಟ. ದೂರುದಾರನಿಗೆ ಆದ ತೊಂದರೆಯು ಅಧಿಕಾರಿಯ ಆದೇಶದಿಂದಲ್ಲ, ದೂರಿನಲ್ಲಿ ಹೆಸರಿಸದ, ಖಾಸಗಿಯಾಗಿ ವಾಹನದಲ್ಲಿದ್ದ ವ್ಯಕ್ತಿಯಿಂದ ಆದದ್ದೆಂದು ಆ ವ್ಯಕ್ತಿಯೇ ಒಪ್ಪಿರುವುದರಿಂದ, ಆ ಅಂಶ ಸಾಬೀತಾಗಿಲ್ಲ. ವಾಹನ ಬಳಕೆಯ ಮಟ್ಟಿಗೆ ಅಧಿಕಾರಿಯು ಮುಂದೆ ಎಚ್ಚರ ವಹಿಸತಕ್ಕದ್ದು. ಕಡತ ಮುಕ್ತಾಯ. ಅವಳು ಅದನ್ನು ನಿಂತುಕೊಂಡೇ ಓದಿದಳು. ನಿಜ ಹೇಳಿದ್ದಳು, ಆ ನಿಜ ಸೀದಾ ಹೋಗಿ ತಮ್ಮನಿಗೆ ಕೊಡೆ ಹಿಡಿದಿತ್ತು. ಸಂಜೆ ಅವನು ಫೋನು ಮಾಡಿ ಅತ್ತುಬಿಟ್ಟ. “ನೀನು ನನ್ನ ಉಳಿಸಿದೆ ಅಕ್ಕ. ನಿನ್ನ ಮೈಮೇಲೆ ಎಳಕೊಂಡು ಉಳಿಸಿದೆ. ನನಗೆ ಕೇಳೋಕೆ ಬಾಯಿ ಬಂದಿರಲಿಲ್ಲ.” “ಅದಕ್ಕಲ್ಲ ಕಣೋ ನಾನು ಹೇಳಿದ್ದು,” ಅಂದಳು. “ಗೊತ್ತು ಬಿಡಕ್ಕ,” ಅಂದ ಅವನು, ಇನ್ನಷ್ಟು ಮೃದುವಾಗಿ. ಅಮ್ಮ ಪೂರ್ತಿ ತಿಳಿಯದೆಯೇ, ಒಡಹುಟ್ಟಿದವರು ಅಂದ್ರೆ ನಿಮ್ಮ ಹಾಗಿರಬೇಕು ಅಂತ ಅವಳ ಕೆನ್ನೆ ಸವರಿದಳು. ಅಫಿಡವಿಟ್ಟಪ್ಪ ಕೂಡ ಕಾಫಿ ತರಿಸಿಕೊಟ್ಟು, “ಒಳ್ಳೆ ಪಾಯಿಂಟ್ ಹಿಡಿದ್ರಿ ಮೇಡಂ, ನನಗೆ ಹೊಳೀತಿರಲಿಲ್ಲ,” ಅಂದ. ಅವಳಿಗೆ ಹೊಳೆದಿತ್ತೇ? ಇಷ್ಟು ವರ್ಷ ಇದೇ ಕೆಲಸ ಮಾಡಿದವಳು. ಯಾವ ಸಾಲು ಯಾರನ್ನು ಬೀಳಿಸುತ್ತದೆ, ಯಾರನ್ನು ನಿಲ್ಲಿಸುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳು. ‘ಎರಡು ಗಂಟೆಗೆ ಬಿಡಬೇಕೆಂದು ನನಗೆ ಗೊತ್ತಿತ್ತು’ ಎಂದು ಬರೆಯುವಾಗ ಪೆನ್ನು ಹಿಡಿದ ಕೈಗೆ ಗೊತ್ತಿತ್ತೇ? ರಿಜಿಸ್ಟ್ರಾರ್ ಕೋಣೆಯಿಂದ ಬರುವಾಗ ಮೈ ಹಗುರಾಗಿತ್ತಲ್ಲ, ಅದು ಯಾವುದರ ಹಗುರ? ಗೊತ್ತಿರಲಿಲ್ಲ ಎಂದು ಒಮ್ಮೆ, ಗೊತ್ತಿತ್ತು ಎಂದು ಒಮ್ಮೆ, ಎರಡನ್ನೂ ಅವಳು ಅಷ್ಟೇ ಸಲೀಸಾಗಿ ನಂಬಬಲ್ಲವಳಾಗಿದ್ದಳು. ಅದೇ ಅವಳನ್ನು ಹೆದರಿಸಿತು.

ಡ್ರೈವರ್ ಆದೇಶದ ನಕಲು ಒಯ್ಯಲು ಬಂದದ್ದು ಒಂದು ಸೋಮವಾರ, ಊಟದ ಹೊತ್ತು ಮುಗಿದ ಮೇಲೆ. ಜೊತೆಯಲ್ಲಿ ಮಗಳಿದ್ದಳು. ಹತ್ತು ವರ್ಷದ ಹುಡುಗಿ, ವಯಸ್ಸಿಗಿಂತ ಎತ್ತರ, ಎರಡೂ ಕೈಗಳನ್ನು ಫ್ರಾಕಿನ ಜೇಬಿನಲ್ಲಿ ತುರುಕಿಕೊಂಡು ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಬಾಯಿಯನ್ನೂ ನೋಡುತ್ತಿದ್ದಳು. ಅಫಿಡವಿಟ್ಟಪ್ಪ ರಜೆಯಲ್ಲಿದ್ದ, ನಕಲು ಕೊಡಬೇಕಾದವಳು ಅವಳೇ ಆದಳು. ಅವನು ಸಹಿ ಹಾಕಿ ತೆಗೆದುಕೊಂಡ.

“ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದಪ್ಪ,” ಅಂದಳು.

“ಅಲ್ಲಿ ಯಾರು ನೋಡ್ತಾರಮ್ಮ?”

“ಬೇರೆಯವರು. ಇಲ್ಲಿಯವರಲ್ಲ.”

ಅವನು ಸ್ವಲ್ಪ ಯೋಚಿಸಿ, “ಅವರಿಗೂ ತಮ್ಮ ಇದ್ದಾರಾ?” ಅಂದ. ಹಂಗಿಸುವ ದನಿಯಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವವನ ಹಾಗೆ, ತಿಳಿದುಕೊಳ್ಳಲು ಕೇಳಿದ್ದ. ಅವಳು ದೂರಿನ ಹೊಸ ನಮೂನೆಯೊಂದನ್ನು ಎಳೆದುಕೊಂಡಳು. ಆಮೇಲೆ, “ನನ್ನ ಮೇಲೆ ಕೊಡು. ನಾನೇ ಬರೆದುಕೊಡ್ತೀನಿ, ನೀನು ಸಹಿ ಹಾಕು,” ಅಂದಳು.

“ನಿಮ್ಮ ಮೇಲೆ ಕೊಟ್ಟು ನನಗೇನಾಗಬೇಕು? ಸಾಹೇಬ್ರಿಗೆ ಏನಾದ್ರೂ ಆಗಬೇಕು ಅಂತಲೂ ನಾನು ಕೇಳಿರಲಿಲ್ಲವಲ್ಲಮ್ಮ. ಕೊನೇ ಕಾಲಮ್ಮಲ್ಲಿ ಬರೆದಿದ್ನಲ್ಲ. ನೀವು ಓದಲಿಲ್ವಾ?”

ಓದಿರಲಿಲ್ಲ. ನಮೂನೆಯ ಕೊನೆಯ ಕಲಮು, ‘ದೂರುದಾರರ ಕೋರಿಕೆ’. ಅದನ್ನು ಈ ಕಚೇರಿಯಲ್ಲಿ ಯಾರೂ ಓದುವುದಿಲ್ಲ. ಕೋರಿದ್ದನ್ನು ಕೊಡುವ ಅಧಿಕಾರ ಕಚೇರಿಗಿಲ್ಲ, ಇರುವುದು ಅಧಿಕಾರಿಗಳ ನಡತೆ ಅಳೆಯುವ ಅಧಿಕಾರ ಮಾತ್ರ. ಎದ್ದು ಹೋಗಿ ಕಪಾಟಿನಿಂದ ಮುಗಿದ ಕಡತ ಇಳಿಸಿ ತೆಗೆದು ನೋಡಿದಳು. ಗುಂಡಗಿನ ಅಕ್ಷರದಲ್ಲಿ ಒಂದೇ ಸಾಲಿತ್ತು. ತಡವಾದದ್ದು ನಮ್ಮ ತಪ್ಪಿನಿಂದ ಅಲ್ಲ ಎಂದು ಶಾಲೆಯವರಿಗೆ ಒಂದು ಕಾಗದ ಬರೆದು, ಮಗುವಿಗೆ ವಯಸ್ಸಿನ ವಿನಾಯಿತಿ ಕೊಡಿಸಬೇಕಾಗಿ ಬೇಡಿಕೆ.

ಒಂದು ಕಾಗದ. ಅವಳು ಬಿಳಿ ಹಾಳೆ ಎಳೆದುಕೊಂಡಳು. ಬರೆದು ಮುಗಿಸಿ ಕೊಟ್ಟಾಗ ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, “ಸೀಲ್ ಇಲ್ಲವಲ್ಲ,” ಅಂದ.

“ಇದಕ್ಕೆ ಕಚೇರಿ ಸೀಲ್ ಹಾಕೋ ಹಾಗಿಲ್ಲ.”

“ಸೀಲ್ ಇಲ್ಲದ್ದನ್ನ ಯಾರು ನಂಬ್ತಾರಮ್ಮ?”

ನಿಜವೇ. ಸೀಲಿಲ್ಲದ ಎಷ್ಟು ಕಾಗದವನ್ನು ಅವಳೇ ನಂಬಿರಲಿಲ್ಲ. ಕೈಚೀಲ ಎತ್ತಿಕೊಂಡು, ಯಾರಿಗೂ ಹೇಳದೆ, ಹಾಜರಿ ಪುಸ್ತಕದಲ್ಲಿ ಏನೂ ಬರೆಯದೆ, “ನಡಿ, ನಾನೇ ಬರ್ತೀನಿ,” ಅಂದಳು. ಎರಡು ಬಸ್ಸು ಬದಲಾಯಿಸಬೇಕಾಯಿತು. ಎರಡನೆಯದರಲ್ಲಿ ಕೂರಲು ಒಂದೇ ಜಾಗ ಸಿಕ್ಕಿತು. ಹುಡುಗಿ ಅವಳ ತೊಡೆಗೆ ಆತು ನಿಂತಳು, ಬಸ್ಸು ತಿರುಗುವಾಗಲೆಲ್ಲ ಪೂರ್ತಿ ಭಾರ ಅವಳ ಮೇಲೆ ಬೀಳುತ್ತಿತ್ತು.

ಶಾಲೆಯ ಮುಖ್ಯೋಪಾಧ್ಯಾಯಿನಿ ದಪ್ಪ ಹೆಂಗಸು, ಮೇಜಿನ ತುಂಬ ನೋಟುಬುಕ್ಕಿನ ರಾಶಿ. ಕಾಗದವನ್ನು ನಿಧಾನವಾಗಿ ಓದಿದಳು. ಆಕೆ ಓದುತ್ತಿದ್ದಷ್ಟು ಹೊತ್ತೂ ಇವಳು ಅಪರಾಧಿಯ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು, ತನ್ನ ಎದುರು ಇಷ್ಟು ವರ್ಷ ಜನ ಕೂರುತ್ತಿದ್ದ ಹಾಗೆ.

“ಕನ್ನಡಕ ಕೊಳ್ಳೋಕೆ ಹೋಗಿದ್ರಾ?”

“ಹೌದು.”

“ವರ್ಷದ ಮೇಲೇ ಆಯ್ತಲ್ಲ ಇದು ನಡೆದು. ಆವತ್ತೇ ಯಾಕೆ ಬರಲಿಲ್ಲ ನೀವು? ಆವತ್ತು ಸಂಜೆ ಬಂದಿದ್ರೂ ನಾನು ಬರ್ಕೊಳ್ತಿದ್ದೆ.”

ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ಆದರೆ ದೂರು ಓದಿದ ದಿನ ಗೊತ್ತಾಗಿತ್ತು. ಆ ದಿನದಿಂದ ಇಲ್ಲಿಯವರೆಗೆ ಅವಳು ನಮೂನೆ ತುಂಬಿದ್ದಳು, ಹೇಳಿಕೆ ಕೊಟ್ಟಿದ್ದಳು, ರಾತ್ರಿಯೆಲ್ಲ ತನ್ನ ಮನಸ್ಸು ಚೊಕ್ಕವೋ ಅಲ್ಲವೋ ಎಂದು ಹೊರಳಾಡಿದ್ದಳು. ಬಸ್ಸು ಹತ್ತಿರಲಿಲ್ಲ. “ಹೊಳೆಯಲಿಲ್ಲ,” ಅಂದಳು. ಮುಖ್ಯೋಪಾಧ್ಯಾಯಿನಿ ಅವಳನ್ನು ಇನ್ನೂ ಒಂದು ಕ್ಷಣ ನೋಡಿ, ಕಾಗದವನ್ನು ಪಕ್ಕಕ್ಕೆ ಸರಿಸಿದಳು. “ವಿನಾಯಿತಿ ನನ್ನ ಕೈಯಲ್ಲಿಲ್ಲ. ಮೇಲಕ್ಕೆ ಬರೀತೀನಿ. ಆಗುತ್ತೋ ಇಲ್ವೋ, ಹೇಳೋಕಾಗಲ್ಲ. ಈಗ ಮಗೂನ ನೋಡೋಣ.”

ಮುಖ್ಯೋಪಾಧ್ಯಾಯಿನಿ ಕುರ್ಚಿ ತಿರುಗಿಸಿ ಹುಡುಗಿಗೆ ಎದುರಾಗಿ ಕೂತಳು. ದಪ್ಪ ಬೆರಳುಗಳು ಗಾಳಿಯಲ್ಲಿ ಎದ್ದವು, ನಿಧಾನಕ್ಕೆ ಏನನ್ನೋ ಬರೆದವು, ನಿಂತವು, ಮತ್ತೆ ಮೊದಲಿನಿಂದ ಬರೆದವು. ಹುಡುಗಿ ಅಷ್ಟು ಹೊತ್ತಿನಿಂದ ಎಲ್ಲರ ಬಾಯಿ ನೋಡುತ್ತಿದ್ದವಳು ಈಗ ಬಾಯಿಗಳ ಬದಲು ಕೈಗಳನ್ನು ನೋಡತೊಡಗಿದಳು. ಅವಳ ಹುಬ್ಬುಗಳ ನಡುವಿನ ಗೆರೆ ಗಟ್ಟಿಯಾಯಿತು, ಆಮೇಲೆ ಸಡಿಲವಾಯಿತು. ಫ್ರಾಕಿನ ಜೇಬಿನಿಂದ ಒಂದು ಕೈ ಹೊರಗೆ ಬಂತು. ಕೇಳಬಲ್ಲವರಿಬ್ಬರು, ಡ್ರೈವರ್ ಮತ್ತು ಅವಳು, ಗೋಡೆಗೆ ಒರಗಿಸಿದ್ದ ಬೆಂಚಿಗೆ ಸರಿದು ಅದರ ಎರಡು ತುದಿಯಲ್ಲಿ ಕೂತು, ಅಲ್ಲಿ ಏನು ಮಾತು ನಡೆಯುತ್ತಿದೆಯೆಂದು ಒಂದಿಷ್ಟೂ ತಿಳಿಯದೆ ನೋಡುತ್ತಿದ್ದರು.